ತ್ಯಾಗವೀರ ಲಿಂಗರಾಜರ ವಿದ್ಯಾದಾಸೋಹ

ದಾನಕ್ಕೂ ದಾಸೋಹಕ್ಕೂ ಶರಣರು ಕಂಡ ಅಂತರ ಸೂಕ್ಷ್ಮವಾದುದು. ದಾನದಲ್ಲಿ ‘ನಾನು ಕೊಟ್ಟೆ’ ಎಂಬ ಭಾವ ಉಳಿಯುತ್ತದೆ. ದಾಸೋಹದಲ್ಲಿ ಒಡವೆ ಮೊದಲೇ ಶಿವನದು, ಕೊಡುವವನು ಕೇವಲ ದಾಸ. ಈ ತತ್ತ್ವವು ವಿದ್ಯಾರ್ಥಿವೇತನದ ರೂಪ ತಾಳಿದ ನಿದರ್ಶನವೆಂದರೆ ಶಿರಸಂಗಿಯ ಲಿಂಗರಾಜ ದೇಸಾಯಿಯವರ (1861–1906) ಮೃತ್ಯುಪತ್ರ.

ಆ ಕಾಲದ ಸ್ಥಿತಿಯನ್ನು ನೆನೆಯಬೇಕು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದುದು 1917ರಲ್ಲಿ. ಅದಕ್ಕೆ ಮುನ್ನ ಆ ಸೀಮೆಯ ರೈತನ ಮಗನು ಪದವಿಯನ್ನು ಬಯಸಿದರೆ ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೋಗಬೇಕಾಗಿದ್ದಿತು. ಶುಲ್ಕದ ಮೇಲೆ ರೈಲುಖರ್ಚು, ವಸತಿ, ಊಟಗಳ ಭಾರ ಬೇರೆ. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ನಿಧಿ ಹುಟ್ಟಿದುದೂ ಅರಟಾಳ ರುದ್ರಗೌಡರಂಥವರು ಅದಕ್ಕಾಗಿ ದುಡಿದುದೂ ಇಂಥ ಕಾಲದಲ್ಲಿಯೇ.

1904ರಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದ ಲಿಂಗರಾಜರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಒಂದು ಪಾಲನ್ನಲ್ಲ, ಸಮಸ್ತವನ್ನು! ‘ತ್ಯಾಗವೀರ’ ಎಂಬ ಬಿರುದು ಅತಿಶಯೋಕ್ತಿಯಲ್ಲ.

ಬಹುಮಾನವು ಓದಿ ಗೆದ್ದವನಿಗೆ ಸಲ್ಲತಕ್ಕದ್ದು. ವೇತನವು ಓದು ಎಲ್ಲಿ ನಿಂತೀತೋ ಎಂದು ಅಂಜಿದವನಿಗೆ. ಎರಡನ್ನೂ ಅಂಕಗಳ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಬಡ ವಿದ್ಯಾರ್ಥಿಯನ್ನು ವೇದಿಕೆಗೆ ಕರೆದು, ಅವನ ಬಡತನವನ್ನು ಸಾರಿ, ಹಾರ ಹಾಕಿ ಕೊಡುವುದಂತೂ ದಾಸೋಹವೇ ಅಲ್ಲ. ಲಿಂಗರಾಜರು ಬಿಟ್ಟುಹೋದ ನಿಧಿಯಿಂದ ಓದಿದವರಿಗೆ ದಾತನ ಮುಂದೆ ಕೈಕಟ್ಟಿ ನಿಲ್ಲುವ ಪ್ರಸಂಗ ಬರಲಿಲ್ಲ. ದಾತನು ಆಗಲೇ ಲಿಂಗೈಕ್ಯನಾಗಿದ್ದನು.

1933ರಲ್ಲಿ ಕೆ.ಎಲ್.ಇ. ಸಂಸ್ಥೆಯು ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಅವರ ಹೆಸರಿದೆ. ಶಿರಸಂಗಿಯ ಹುಡುಗನು ಪದವಿಗಾಗಿ ಪುಣೆಯ ರೈಲು ಹತ್ತುವ ಅಗತ್ಯ ಅಂದಿಗೆ ತಪ್ಪಿದ್ದಿತು.