ವೈಟ್‌ಫೀಲ್ಡ್ ಕಡೆ ಫ್ಲ್ಯಾಟ್ ನೋಡ್ತಿದ್ದೀರಾ? ಈಜುಕೊಳ ಆಮೇಲೆ, ಮೊದಲು ನೀರು

ಮಕ್ಕಳು ಶಾಲೆಗೆ ಸೇರೋ ಹೊತ್ತಿಗೆ ಸ್ವಂತ ಮನೆ ಮಾಡ್ಕೋಬೇಕು ಅಂತ ವೈಟ್‌ಫೀಲ್ಡ್, ವರ್ತೂರು, ಕಾಡುಗೋಡಿ ಕಡೆ ಫ್ಲ್ಯಾಟ್ ನೋಡ್ತಿರೋರು ತುಂಬಾ ಜನ. ಕಚೇರಿ ಹತ್ತಿರ, ಶಾಲೆಗಳಿವೆ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದ ಮೆಟ್ರೋ ಕಾಡುಗೋಡಿಯಿಂದ ಚಲ್ಲಘಟ್ಟದವರೆಗೂ ಒಂದೇ ಓಟ ಓಡ್ತಿದೆ. ಬ್ರೋಷರ್ ತೆರೆದರೆ ಕ್ಲಬ್ ಹೌಸ್, ಜಿಮ್, ಈಜುಕೊಳ. ಆದರೆ ಆ ಮನೆಯ ನಲ್ಲೀಲಿ ಬರೋದು ಯಾವ ನೀರು?

2007ರಲ್ಲಿ ಬಿಬಿಎಂಪಿ ರಚನೆಯಾದಾಗ 110 ಹಳ್ಳಿಗಳು ನಗರಕ್ಕೆ ಸೇರಿದವು. ವರ್ತೂರು, ಬೆಳ್ಳಂದೂರು ಆ ಪಟ್ಟಿಯಲ್ಲಿದ್ದವು. ಅಪಾರ್ಟ್‌ಮೆಂಟ್‌ಗಳು ಮೊದಲು ಬಂದವು, ಕಾವೇರಿ ಹಿಂದೆ ಉಳಿಯಿತು. ಈ ಹಳ್ಳಿಗಳಿಗಾಗಿಯೇ ರೂಪಿಸಿದ ಕಾವೇರಿ 5ನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯ. ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪ್ ಮಾಡಿ ಮೇಲೆತ್ತಿ ತರುವ ನೀರು ಅದು.

ಅಲ್ಲಿವರೆಗೆ ಬೋರ್‌ವೆಲ್, ಅದು ಬತ್ತಿದರೆ ಟ್ಯಾಂಕರ್. 2024ರ ಬೇಸಿಗೆ ನೆನಪಿದೆಯಲ್ಲ? ಟ್ಯಾಂಕರ್‌ನವರು ಕೇಳಿದ್ದೇ ರೇಟು ಅನ್ನೋ ಹಾಗಾಗಿ, ಕೊನೆಗೆ ಜಿಲ್ಲಾಡಳಿತ ದರ ನಿಗದಿ ಮಾಡಿತು: 5 ಕಿಲೋಮೀಟರ್ ಒಳಗೆ 12 ಸಾವಿರ ಲೀಟರ್‌ಗೆ ಸಾವಿರ ರೂಪಾಯಿ, ಜಿಎಸ್‌ಟಿ ಬೇರೆ. ಒಂದು ಲೆಕ್ಕ ಹಾಕೋಣ. 200 ಫ್ಲ್ಯಾಟ್, ಮನೆಗೆ ನಾಲ್ಕು ಜನ, ಒಬ್ಬರಿಗೆ ದಿನಕ್ಕೆ 135 ಲೀಟರ್. ದಿನಕ್ಕೆ 1,08,000 ಲೀಟರ್, ಅಂದ್ರೆ ಒಂಬತ್ತು ಟ್ಯಾಂಕರ್. ತಿಂಗಳಿಗೆ 2.7 ಲಕ್ಷ, ಒಂದು ಮನೆಗೆ 1,350 ರೂಪಾಯಿ. ಇದು ಸರ್ಕಾರಿ ದರದಲ್ಲಿ, ಟ್ಯಾಂಕರ್ ಹೊತ್ತಿಗೆ ಸರಿಯಾಗಿ ಬಂದರೆ! ಅದೇ ಮಾರ್ಚ್‌ನಲ್ಲಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5 ಸಾವಿರ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಬ್ರೋಷರ್‌ನ ನೀಲಿ ಈಜುಕೊಳದ ಕಥೆ ಹೀಗೆ.

'ಈಗ ಕಾವೇರಿ ಬಂದಿದೆಯಲ್ಲ' ಅಂತ ಮಾರಾಟದವರು ಹೇಳ್ತಾರೆ. ಎಲ್ಲಿಗೆ ಬಂದಿದೆ ಅಂತ ಕೇಳಿ. ರಸ್ತೆಯಲ್ಲಿ ಪೈಪ್ ಇರೋದು ಬೇರೆ, ನಿಮ್ಮ ಸಂಪ್‌ಗೆ ನೀರು ಬೀಳೋದು ಬೇರೆ. ಅಪಾರ್ಟ್‌ಮೆಂಟ್ ಅರ್ಜಿ ಹಾಕಬೇಕು, ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ಪ್ರೊರೇಟಾ ಶುಲ್ಕ ಕಟ್ಟಬೇಕು. ದೊಡ್ಡ ಸಮುಚ್ಚಯಕ್ಕೆ ಅದು ಸಣ್ಣ ಮೊತ್ತ ಅಲ್ಲ. ಬಿಲ್ಡರ್ ಕಟ್ಟದೇ ಇದ್ದರೆ ಹೊರೆ ನಿವಾಸಿಗಳ ಸಂಘದ ತಲೆಮೇಲೆ.

ಇನ್ನೊಂದು ಬೀಗ ಇದೆ: ಓಸಿ, ಸ್ವಾಧೀನಾನುಭವ ಪ್ರಮಾಣಪತ್ರ. ಓಸಿ ತೋರಿಸಿದ ಮೇಲಷ್ಟೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಅಂತ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. 'ಓಸಿ ಆಮೇಲೆ ಬರುತ್ತೆ ಸಾರ್, ನೀವು ಗೃಹಪ್ರವೇಶ ಮಾಡ್ಕೊಳ್ಳಿ' ಅನ್ನೋ ಮಾತಿಗೆ ಈಗ ಬೆಲೆ ತೆರಬೇಕಾದವರು ಮನೆ ಕೊಂಡವರೇ.

ಹಾಗಾಗಿ ಸ್ಯಾಂಪಲ್ ಫ್ಲ್ಯಾಟ್ ನೋಡಿದ ಮೇಲೆ ಓಸಿ ಪ್ರತಿ ಕೇಳಿ, ಜಲಮಂಡಳಿಯ ಬಿಲ್ ಕೇಳಿ. ಜನ ವಾಸ ಇರೋ ಅಪಾರ್ಟ್‌ಮೆಂಟ್ ಆದರೆ ಸಂಘದ ಕಾರ್ಯದರ್ಶಿ ಹತ್ರ ಕಳೆದ ಏಪ್ರಿಲ್ ತಿಂಗಳ ಟ್ಯಾಂಕರ್ ಲೆಕ್ಕ ಕೇಳಿ. ಸಂಜೆ ಹೊತ್ತು ಎಸ್‌ಟಿಪಿ ಪಕ್ಕ ಒಂದು ಸುತ್ತು ನಡೆದು ಬನ್ನಿ, ಅದು ಸರಿಯಾಗಿ ಓಡ್ತಿದೆಯಾ ಅಂತ ಮೂಗೇ ಹೇಳುತ್ತೆ. ಎ ಖಾತೆ, ಬಿ ಖಾತೆ ವಿಚಾರ ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.