ಹೊಸ ಅಕ್ವೇರಿಯಂಗೆ ಮೀನು ಬಿಡುವ ಮೊದಲು

ಕಳೆದ ರಂಜಾನ್ ಹಬ್ಬಕ್ಕೆ ಸಿಕ್ಕ ಈದಿ ಹಣವನ್ನು ನಾನು ಮತ್ತು ನನ್ನ ತಮ್ಮ ಒಟ್ಟು ಸೇರಿಸಿ ಒಂದು ಅಕ್ವೇರಿಯಂ ಕೊಂಡೆವು. ಅದೇ ಸಂಜೆ ನಲ್ಲಿ ನೀರು ತುಂಬಿದೆವು. ಅದೇ ಸಂಜೆ ಆರು ಗೋಲ್ಡ್ ಫಿಶ್ ತಂದು, ಚೀಲದ ನೀರಿನ ಸಮೇತ ಟ್ಯಾಂಕಿಗೆ ಸುರಿದೆವು. ಮೂರನೆಯ ದಿನ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಎಂಟು ದಿನಗಳಲ್ಲಿ ಆರೂ ಸತ್ತವು. ನೀರು ಮಾತ್ರ ಕೊನೆಯವರೆಗೂ ಕನ್ನಡಿಯ ಹಾಗೆ ತಿಳಿಯಾಗಿಯೇ ಇತ್ತು.

"ಆಪಾ, ನಾವೇ ಸಾಯಿಸಿದ್ವಾ?" ಎಂದು ತಮ್ಮ ಕೇಳಿದ. ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮೊದಲ ತಪ್ಪು ನಲ್ಲಿ ನೀರು. ನಾವು ಕುಡಿಯುವ ನೀರಿಗೆ ಕ್ರಿಮಿಗಳು ಸಾಯಲಿ ಎಂದು ಕ್ಲೋರಿನ್ ಹಾಕಿರುತ್ತಾರೆ. ಅದೇ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು, ಏರ್ ಪಂಪ್‌ನಿಂದ ಗಾಳಿ ಬಿಟ್ಟರೆ ಕ್ಲೋರಿನ್ ಹೊರಟುಹೋಗುತ್ತದೆ. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟ್ ಇರುವ ದ್ರವ ಮೀನಿನ ಅಂಗಡಿಗಳಲ್ಲಿ ಸಿಗುತ್ತದೆ. ಬಾಟಲಿಯ ಮೇಲೆ ಬರೆದಷ್ಟೇ ಹನಿ ಹಾಕಬೇಕು. ಅಳತೆ ತಿಳಿಯಲು ಟ್ಯಾಂಕಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. ನಮ್ಮದು 60 × 30 × 30, ಅಂದರೆ 54 ಲೀಟರ್.

ಎರಡನೆಯ ತಪ್ಪು ಕಣ್ಣಿಗೆ ಕಾಣದ್ದು. ಮೀನಿನ ಮಲದಿಂದ, ಉಳಿದ ಆಹಾರದಿಂದ, ಉಸಿರಾಟದಿಂದಲೂ ನೀರಿಗೆ ಅಮೋನಿಯಾ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ಆದರೆ ಮೀನಿಗೆ ಅದು ವಿಷ. ಕೆರೆಯಲ್ಲಿ, ಹಳೆಯ ಟ್ಯಾಂಕಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತದಲ್ಲಿ ಆಮ್ಲಜನಕ ಸಾಗುವುದನ್ನು ತಡೆಯುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್‌ನಿಂದ ಅಪಾಯ ಬಹಳ ಕಡಿಮೆ, ನೀರು ಬದಲಿಸಿದರೆ ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ಬೆಳೆಯುತ್ತವೆ. ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹೊಸ ಟ್ಯಾಂಕಿನಲ್ಲಿ ಅವು ಇರುವುದೇ ಇಲ್ಲ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಗೋದಾಮು ಕಟ್ಟುವ ಮೊದಲೇ ನಾವು ಲಾರಿಗಟ್ಟಲೆ ಸರಕು ತರಿಸಿದ್ದೆವು. ಅದರಲ್ಲೂ ಗೋಲ್ಡ್ ಫಿಶ್ ದೊಡ್ಡದಾಗಿ ಬೆಳೆಯುವ, ಹೆಚ್ಚು ಹೊಲಸು ಮಾಡುವ ಮೀನು. 54 ಲೀಟರಿಗೆ ಆರು ತೀರಾ ಜಾಸ್ತಿ.

ಎರಡನೆಯ ಸಲ ನಾವು ಮೀನಿಲ್ಲದೆಯೇ ಟ್ಯಾಂಕ್ ನಡೆಸಿದೆವು. ಫಿಲ್ಟರ್ ಹಗಲೂ ರಾತ್ರಿಯೂ ಓಡುತ್ತಿತ್ತು. ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದೆವು. ಅದು ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ತಂದೆವು. ಮೊದಲು ಅಮೋನಿಯಾ ಏರಿತು. ಅದು ಇಳಿಯುವಾಗ ನೈಟ್ರೈಟ್ ಏರಿತು. ಐದನೆಯ ವಾರ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಮಾತ್ರ ಉಳಿಯಿತು. ಆಗ ಟ್ಯಾಂಕ್ ಸಿದ್ಧ ಎಂದರ್ಥ. ಪರಿಚಯದವರ ಮನೆಯಲ್ಲಿ ರೋಗವಿಲ್ಲದ ಹಳೆಯ ಟ್ಯಾಂಕ್ ಇದ್ದರೆ, ಅದರ ಫಿಲ್ಟರ್ ಸ್ಪಂಜಿನ ಒಂದು ತುಂಡು ತಂದು ಹಾಕಿದರೆ ಕೆಲಸ ಬೇಗ ಆಗುತ್ತದೆ.

ಅರ್ಧ ನೀರು ಬದಲಿಸಿ ನಾಲ್ಕು ಗಪ್ಪಿ ತಂದೆವು. ನಮ್ಮದು ಗಡಸು ನೀರು, ಗಪ್ಪಿಗೆ ಅದು ಒಗ್ಗುತ್ತದೆ. ಮೀನು ಬಿಡುವ ಕ್ರಮ ಹೀಗೆ: ಟ್ಯಾಂಕಿನ ಲೈಟ್ ಆರಿಸಿ, ಚೀಲವನ್ನು ಬಿಚ್ಚದೆ 15-20 ನಿಮಿಷ ನೀರಿನ ಮೇಲೆ ತೇಲಲು ಬಿಡಿ. ಒಳಗಿನ, ಹೊರಗಿನ ನೀರಿನ ಬಿಸಿ ಒಂದೇ ಆಗುತ್ತದೆ. ನಂತರ ಚೀಲ ಬಿಚ್ಚಿ, ಐದು ನಿಮಿಷಕ್ಕೊಮ್ಮೆ ಟ್ಯಾಂಕಿನ ಅರ್ಧ ಲೋಟ ನೀರನ್ನು ಚೀಲಕ್ಕೆ ಹಾಕಿ. ಅರ್ಧ ಗಂಟೆ ಹೀಗೆ ಮಾಡಿದರೆ ಹೊಸ ನೀರಿನ ಗುಣಕ್ಕೆ ಮೀನು ನಿಧಾನವಾಗಿ ಹೊಂದಿಕೊಳ್ಳುತ್ತದೆ. ಆಮೇಲೆ ಬಲೆಯಿಂದ ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರಿನಲ್ಲಿ ಹೊಲಸು, ರೋಗಾಣು ಇರಬಹುದು. ಅದನ್ನು ಹೊರಗೆ ಚೆಲ್ಲಿ.

ಮೊದಲ ದಿನ ಆಹಾರ ಬೇಡ. ಮರುದಿನದಿಂದ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಕೊಟ್ಟರೆ ಸಾಕು. ಇನ್ನಷ್ಟು ಮೀನು ಬೇಕೆನಿಸಿದರೆ ಎರಡು ವಾರ ಕಾದು ಎರಡೆರಡೇ ತನ್ನಿ. ಮೀನುಗಳು ಮೇಲೆ ಬಂದು ಬಾಯಿ ಬಿಟ್ಟರೆ ತಡಮಾಡದೆ ಕಾಲು ಭಾಗ ನೀರು ಬದಲಿಸಿ, ಗಾಳಿ ಹೆಚ್ಚಿಸಿ. ವಾರಕ್ಕೊಮ್ಮೆ ಹೇಗೂ ಕಾಲು ಭಾಗ ಬದಲಿಸಬೇಕು. ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಕ್ಲೋರಿನ್‌ನಿಂದ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ.

ಐದು ವಾರ ಖಾಲಿ ಟ್ಯಾಂಕ್ ನೋಡುತ್ತಾ ಕೂರುವುದು ಸುಲಭವಲ್ಲ. "ನೀರನ್ನು ಸಾಕುತ್ತಿದ್ದೀರಾ?" ಎಂದು ಮನೆಗೆ ಬಂದವರು ನಗುತ್ತಿದ್ದರು. ದಾದಿ ಮಾತ್ರ ನಗಲಿಲ್ಲ. ಬೆಕ್ಕನ್ನು ಕೂಡಿಹಾಕಿ, ಆಹಾರ ಕೊಡದೆ ಸಾಯಿಸಿದ ಹೆಂಗಸಿಗೆ ಶಿಕ್ಷೆಯಾದ ಹದೀಸನ್ನು ನಮಗೆ ನೆನಪಿಸಿದರು. ಕೂಡಿಹಾಕಿದ ಮೇಲೆ ಆ ಜೀವದ ಲೆಕ್ಕ ನಾವೇ ಕೊಡಬೇಕು ಎಂದರು. ಕೆರೆಯ ಮೀನು ನೀರು ಕೆಟ್ಟರೆ ಬೇರೆ ಕಡೆ ಈಜಿ ಹೋಗಬಹುದು. ಗಾಜಿನ ಪೆಟ್ಟಿಗೆಯ ಮೀನಿಗೆ ನಾವು ಕೊಟ್ಟ ನೀರು ಬಿಟ್ಟರೆ ಬೇರೆ ಜಾಗವಿಲ್ಲ.

ಗಪ್ಪಿಗಳನ್ನು ಬಿಡುವ ದಿನ ತಮ್ಮ ಗಡಿಯಾರ ಹಿಡಿದು ಕುಳಿತಿದ್ದ. ನಾನು ಅವಸರ ಮಾಡಿದಾಗ, "ಇನ್ನೂ ಮೂರು ನಿಮಿಷ ಇದೆ ಆಪಾ" ಎಂದು ನನ್ನ ಕೈ ಹಿಡಿದ. ನಾಲ್ಕೂ ಇವತ್ತಿಗೂ ಚೆನ್ನಾಗಿವೆ.