ಶೀತೋಷ್ಣಗಳೂ ಸ್ವಹಸ್ತನಿರ್ಮಿತ ವಿಮಾನಗಳ ಚಕ್ರಪಾದವೂ

ಹಕ್ಕಿಯು ನೆಲವನ್ನು ಬಿಟ್ಟೊಡನೆ ತನ್ನ ಕಾಲುಗಳನ್ನು ಹೊಟ್ಟೆಗೆ ಅವುಚಿಕೊಳ್ಳುವುದನ್ನು ಎಲ್ಲರೂ ಕಂಡಿರುವರು. ವೇಗವಾಗಿ ಹೋಗಬೇಕಾದ ವಿಮಾನವೂ ಹಾಗೆಯೇ ತನ್ನ ಚಕ್ರಗಳನ್ನು ಒಳಕ್ಕೆ ಮಡಿಚಿಕೊಳ್ಳುತ್ತದೆ. ಹೊರಗೆ ಜೋತುಬಿದ್ದ ಚಕ್ರಗಳಿಗೆ ಗಾಳಿಯ ತಡೆ ಬಲು ಹೆಚ್ಚು. ವೈಮಾನಿಕರು ಲ್ಯಾಂಡಿಂಗ್ ಗೇರ್ ಎಂದು ಕರೆಯುವ ಈ ಅಂಗವನ್ನು ಇಲ್ಲಿ ಚಕ್ರಪಾದವೆಂದು ಕರೆಯುತ್ತೇನೆ. ಇದಕ್ಕಿಂತ ಒಳ್ಳೆಯ ಮಾತು ದೊರೆತಾಗ ವಾಚಕರು ಇದನ್ನು ಬಿಟ್ಟುಬಿಡಬಹುದು. ಹಕ್ಕಿಗೆ ಸ್ನಾಯುಗಳು ಮಾಡುವ ಕೆಲಸವನ್ನು ಇಂಥ ಅನೇಕ ವಿಮಾನಗಳಲ್ಲಿ ಎಣ್ಣೆಯು ಮಾಡುತ್ತದೆ. ಆ ಎಣ್ಣೆಯು ಚಳಿಗೂ ಸೆಕೆಗೂ ಹೇಗೆ ಅಧೀನವಾಗಿದೆ, ಅದರಿಂದ ಚಿಕ್ಕ ವಿಮಾನಗಳಿಗೆ ಒದಗುವ ತೊಡಕುಗಳು ಯಾವುವು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಿಮಾನವನ್ನು ಮನೆಯ ಕೊಟ್ಟಿಗೆಯಲ್ಲಿ ಸ್ವಂತ ಕೈಯಿಂದ ಕಟ್ಟಿ ಹಾರಿಸುವ ಹವ್ಯಾಸ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ವಿಶೇಷವಾಗಿ ಬೆಳೆದಿದೆ. ಪಾಲ್ ಪೊಬೆರೆಜ್ನಿಯೆಂಬವರು ೧೯೫೩ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕಿಯಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಎಂಬ ಸಂಘವನ್ನು ಇಂಥವರಿಗಾಗಿಯೇ ಸ್ಥಾಪಿಸಿದರು. ಇಂಥ ವಿಮಾನದ ನಿರ್ಮಾಣದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಹವ್ಯಾಸಿಗಳ ಕೈಗೆಲಸವೇ ಆಗಿರಬೇಕೆಂಬುದು ಅಲ್ಲಿಯ ನಿಯಮ. ಇವುಗಳಲ್ಲಿ ಬಹುಪಾಲಿನವುಗಳ ಚಕ್ರಗಳು ಸ್ಥಿರವಾದುವು. ಲಾನ್ಸೇರ್ ೩೨೦, ಲಾನ್ಸೇರ್ ೩೬೦ ಮೊದಲಾದ ವೇಗದ ಮಾದರಿಗಳಲ್ಲಿ ಮಾತ್ರ ಎಣ್ಣೆಯ ಬಲದಿಂದ ಮಡಿಚುವ ಚಕ್ರಪಾದವುಂಟು. ಕಾರ್ಖಾನೆಯ ವಿಮಾನವು ಮಾರಾಟಕ್ಕೆ ಬರುವ ಮುನ್ನ ಪರಿಣತರ ಸಮೂಹವೊಂದು ಅದನ್ನು ಪರೀಕ್ಷಿಸಿರುತ್ತದೆ. ಇಲ್ಲಿಯಾದರೋ ಕಟ್ಟಿದವನೇ ಪರೀಕ್ಷಕ, ಅವನೇ ಚಾಲಕ. ಅವನು ವಿಮಾನವನ್ನು ಜಾಕಿಗಳ ಮೇಲೆ ನಿಲ್ಲಿಸಿ, ಬೆಚ್ಚನೆಯ ಕೊಟ್ಟಿಗೆಯಲ್ಲಿ ಚಕ್ರಗಳನ್ನು ಹತ್ತಾರು ಬಾರಿ ಏರಿಸಿ ಇಳಿಸಿ ತೃಪ್ತನಾಗುತ್ತಾನೆ. ಆದರೆ ಆ ಯಂತ್ರವು ಕೆಲಸ ಮಾಡಬೇಕಾದುದು ಕೊಟ್ಟಿಗೆಯಲ್ಲಲ್ಲ.

ಮೊದಲು ಯಂತ್ರದ ಸ್ವರೂಪವನ್ನು ನೋಡೋಣ. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂಬ ತತ್ತ್ವವು ಹದಿನೇಳನೆಯ ಶತಮಾನದ ಫ್ರೆಂಚ್ ವಿದ್ವಾಂಸ ಪ್ಯಾಸ್ಕಲನದು. ಅದರಿಂದ ದೊಡ್ಡ ಕೆಲಸ ತೆಗೆಯುವ ಯಂತ್ರವನ್ನು ೧೭೯೫ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮನು ರಚಿಸಿದನು. ನಮ್ಮ ಚಿಕ್ಕ ವಿಮಾನದಲ್ಲಿಯೂ ಅದೇ ತತ್ತ್ವ. ವಿದ್ಯುತ್ತಿನಿಂದ ತಿರುಗುವ ಪುಟ್ಟ ಪಂಪು ತೊಟ್ಟಿಯಿಂದ ಎಣ್ಣೆಯನ್ನು ಕೊಳವೆಯೊಳಕ್ಕೆ ತಳ್ಳುತ್ತದೆ. ಅದು ಸಿಲಿಂಡರಿನ ಕೊಂತವನ್ನು ನೂಕಿ ಚಕ್ರವನ್ನು ಮೇಲಕ್ಕೆ ಎಳೆಯುತ್ತದೆ. ಒತ್ತಡವು ಗೊತ್ತಾದ ಮಟ್ಟವನ್ನು ಮುಟ್ಟಿದಾಗ ಪಂಪು ತಾನಾಗಿ ನಿಲ್ಲುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಲಾನ್ಸೇರ್ ೩೨೦, ೩೬೦ ಇವುಗಳಲ್ಲಿಯೂ, ಕಾರ್ಖಾನೆಯಲ್ಲಿ ತಯಾರಾದ ಪೈಪರ್ ಆರೋ ವಿಮಾನದಲ್ಲಿಯೂ, ಮೇಲೇರಿದ ಚಕ್ರಗಳನ್ನು ಹಿಡಿದಿಡಲು ಕೊಕ್ಕೆಯಾಗಲಿ ಅಗಳಿಯಾಗಲಿ ಇಲ್ಲ. ಕೊಳವೆಯಲ್ಲಿ ಸೆರೆಸಿಕ್ಕಿದ ಎಣ್ಣೆಯ ಒತ್ತಡವೊಂದೇ ಅವುಗಳಿಗೆ ಆಧಾರ. ಒತ್ತಡವನ್ನು ಬಿಟ್ಟರೆ ಚಕ್ರಗಳು ತಮ್ಮ ಭಾರದಿಂದಲೇ ಕೆಳಕ್ಕೆ ಬೀಳುವುವು. ಆಪತ್ತಿನಲ್ಲಿ ಇದೇ ಒಂದು ಅನುಕೂಲ.

ಈಗ ಉಷ್ಣತೆಯ ವಿಚಾರ. ಇಂಥ ವಿಮಾನಗಳಲ್ಲಿ ಸಾಮಾನ್ಯವಾಗಿ ಬಳಸುವುದು ಮಿಲ್-ಎಚ್-೫೬೦೬ ಎಂಬ ಗುರುತಿನ ಕೆಂಪು ಬಣ್ಣದ ಖನಿಜತೈಲ. ಉಷ್ಣತೆಯು ಒಂದು ಸೆಂಟಿಗ್ರೇಡ್ ಡಿಗ್ರಿ ಏರಿದರೆ ಇದರ ಗಾತ್ರವು ಹತ್ತುಸಾವಿರದಲ್ಲಿ ಸುಮಾರು ಎಂಟು ಒಂಬತ್ತು ಪಾಲಿನಷ್ಟು ಹಿಗ್ಗುತ್ತದೆ, ಇಳಿದರೆ ಅಷ್ಟೇ ಕುಗ್ಗುತ್ತದೆ. ಇದೇನು ಮಹಾ ಎಂದು ತೋರಬಹುದು. ಅರ್ಧ ಲೀಟರು ಎಣ್ಣೆಯು ೩೦ ಡಿಗ್ರಿಗಳಷ್ಟು ತಣಿದರೆ ಕಡಮೆಯಾಗುವುದು ಒಂದು ದೊಡ್ಡ ಚಮಚಕ್ಕೂ ಕೊಂಚ ಕಡಮೆಯೇ. ಆದರೆ ದ್ರವಗಳ ಸ್ವಭಾವವೇ ಬೇರೆ: ಅವು ಅನಿಲದಂತೆ ಅದುಮಿದಷ್ಟು ಬಗ್ಗುವುವಲ್ಲ. ಗಾತ್ರದಲ್ಲಿ ಅತ್ಯಲ್ಪ ಬದಲಾವಣೆಗೂ ಒತ್ತಡದಲ್ಲಿ ಅಗಾಧ ಬದಲಾವಣೆ ಬೇಕು, ಅಥವಾ ಬರುತ್ತದೆ. ಸ್ವಲ್ಪವೂ ಹಿಗ್ಗದ, ಕುಗ್ಗದ ಗಟ್ಟಿ ಪಾತ್ರೆಯಲ್ಲಿ ಈ ಎಣ್ಣೆಯನ್ನು ಪೂರ್ತಿಯಾಗಿ ತುಂಬಿ ಮುಚ್ಚಿದರೆ, ಉಷ್ಣತೆಯ ಒಂದೊಂದು ಡಿಗ್ರಿಗೂ ಒತ್ತಡವು ಚದರ ಅಂಗುಲಕ್ಕೆ ಸುಮಾರು ೧೫೦ರಿಂದ ೨೦೦ ಪೌಂಡುಗಳಷ್ಟು ವ್ಯತ್ಯಾಸಗೊಳ್ಳುವುದು. ನಿಜವಾದ ಯಂತ್ರದಲ್ಲಿ ಲೋಹವೂ ಹಿಗ್ಗಿ ಕುಗ್ಗುತ್ತದೆ, ರಬ್ಬರು ಕೊಳವೆಗಳು ಉಬ್ಬುತ್ತವೆ. ಆದುದರಿಂದ ವ್ಯತ್ಯಾಸ ಇಷ್ಟಾಗುವುದಿಲ್ಲ. ಆದರೂ ದಿಕ್ಕು ಅದೇ.

ಪಂಪು ೧೦೦೦ ಪೌಂಡಿಗೆ ನಿಂತು, ೬೦೦ ಪೌಂಡಿಗೆ ಇಳಿದಾಗ ಮತ್ತೆ ಹೊರಡುವಂತೆ ಹೊಂದಿಸಿದೆಯೆಂದು ಭಾವಿಸೋಣ. ಆದರ್ಶವಾದ ಗಟ್ಟಿ ಪಾತ್ರೆಯಲ್ಲಾದರೆ ಎರಡು ಮೂರು ಡಿಗ್ರಿಗಳ ತಂಪೇ ಅಷ್ಟು ಇಳಿತಕ್ಕೆ ಸಾಕು. ವಾಯುಮಂಡಲದ ಪ್ರಮಾಣೀಕೃತ ಲೆಕ್ಕದಂತೆ ಸಮುದ್ರಮಟ್ಟದಲ್ಲಿ ಉಷ್ಣತೆ ೧೫ ಡಿಗ್ರಿ. ಪ್ರತಿ ಕಿಲೋಮೀಟರ್ ಏರಿದಂತೆಲ್ಲ ೬.೫ ಡಿಗ್ರಿ ಕಡಮೆಯಾಗುತ್ತದೆ. ೩೦೦೦ ಮೀಟರಿನಲ್ಲಿ ಅದು ಸೊನ್ನೆಗಿಂತ ೪.೫ ಡಿಗ್ರಿ ಕೆಳಗೆ. ಹೀಗಿರಲು ವಿಮಾನವು ಏರುತ್ತಿರುವಾಗ ರೆಕ್ಕೆಯೊಳಗಿನ ಎಣ್ಣೆ ತಣಿದು ಕುಗ್ಗಿ, ಪಂಪು ಆಗಾಗ ಗುಂಯ್‌ಗುಟ್ಟಿ ನಿಲ್ಲುವುದು ಸಹಜವೇ. ಹೊಸಬನಾದ ಚಾಲಕನು ಎಲ್ಲಿಯೋ ಎಣ್ಣೆ ಸೋರುತ್ತಿದೆಯೆಂದು ಬೆದರುತ್ತಾನೆ. ಅಥವಾ, ಇದು ಇನ್ನೂ ಕೆಟ್ಟದ್ದು, ನಿಜವಾದ ಸೋರಿಕೆಯನ್ನು ಚಳಿಯ ತಲೆಗೆ ಕಟ್ಟಿ ಸುಮ್ಮನಾಗುತ್ತಾನೆ. ಇವೆರಡನ್ನು ಬೇರ್ಪಡಿಸಲು ಗಡಿಯಾರವೊಂದಿದ್ದರೆ ಸಾಕು. ಒಂದೇ ಎತ್ತರದಲ್ಲಿ ಹಾರುತ್ತ ಹೋದಂತೆ ಎಣ್ಣೆಯೂ ಹೊರಗಾಳಿಯೂ ಸಮಶೀತವಾಗುತ್ತವೆ. ಚಳಿಯೇ ಕಾರಣವಾಗಿದ್ದರೆ ಪಂಪಿನ ಸರದಿಗಳ ನಡುವಣ ಬಿಡುವು ಹೆಚ್ಚುತ್ತ ಬಂದು ಕಡೆಗೆ ಶಬ್ದವೇ ನಿಲ್ಲುತ್ತದೆ. ಸೋರಿಕೆಯಾಗಿದ್ದರೆ ಬಿಡುವು ಹೆಚ್ಚುವುದಿಲ್ಲ. ಪಂಪು ಗೊತ್ತಾದ ಅವಧಿಗೊಮ್ಮೆ ತಪ್ಪದೆ ಗುಂಯ್‌ಗುಡುತ್ತಲೇ ಇರುತ್ತದೆ. ಕೆಲವರು ಕೊಳವೆಗೆ ಅನಿಲ ತುಂಬಿದ ಸಂಚಯಪಾತ್ರೆಯೊಂದನ್ನು ಸೇರಿಸುವುದುಂಟು. ಅನಿಲವು ಸ್ಪ್ರಿಂಗಿನಂತೆ ಹಿಗ್ಗಿ, ಕುಗ್ಗಿದ ಎಣ್ಣೆಯ ಜಾಗವನ್ನು ತುಂಬಿಕೊಡುವುದರಿಂದ ಪಂಪಿಗೆ ವಿಶ್ರಾಂತಿ ದೊರೆಯುತ್ತದೆ.

ಸೆಕೆಯ ಕಡೆಯ ಅಪಾಯ ಇದಕ್ಕೆ ಪ್ರತಿಯಾದುದು. ಮುಂಜಾನೆಯ ತಂಪಿನಲ್ಲಿ ಕೊಳವೆಯಲ್ಲಿ ಸೆರೆಯಾದ ಎಣ್ಣೆ, ಮಧ್ಯಾಹ್ನದ ಬಿಸಿಲಲ್ಲಿ ಕಾದ ನೆಲದ ಮೇಲೆ ನಿಂತ ವಿಮಾನದಲ್ಲಿ ಹಿಗ್ಗಲು ಜಾಗವನ್ನು ಹುಡುಕುತ್ತದೆ. ದಾರಿಯಿಲ್ಲವಾದರೆ ರಬ್ಬರು ಉಂಗುರಗಳನ್ನು ನೂಕಿ ಸೋರುತ್ತದೆ, ಇಲ್ಲವೆ ಜೋಡಣೆಯನ್ನು ಒಡೆಯುತ್ತದೆ. ಇದಕ್ಕಾಗಿಯೇ ಹೆಚ್ಚಿನ ಒತ್ತಡವನ್ನು ತೊಟ್ಟಿಗೆ ಹಿಂದಿರುಗಿಸುವ ಸಣ್ಣ ಕವಾಟವೊಂದನ್ನು ಇಡುವರು. ತೂಕ ಉಳಿಸುವ ಆಸೆಯಿಂದ ಇದನ್ನು ಕೈಬಿಡುವುದು ಬುದ್ಧಿವಂತಿಕೆಯಲ್ಲವೆಂದು ನನ್ನ ಅಭಿಪ್ರಾಯ. ಕವಾಟವಿದ್ದರೂ ಅದು ಸೆರೆಯಾದ ಎಣ್ಣೆಯ ಕಡೆಗೇ ಇರಬೇಕು. ಪಂಪಿನ ಬಳಿ, ಹಿಂದಿರುಗದ ಕವಾಟದ ಆಚೆಗಿದ್ದರೆ ಇದ್ದೂ ಇಲ್ಲದಂತೆ.

ಎಣ್ಣೆಯ ಗಾತ್ರದಂತೆಯೇ ಅದರ ಸ್ನಿಗ್ಧತೆಯೂ ಬದಲಾಗುವುದು. ಮಾಗಿಯ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಿಂದ ಇಳಿಯದಿರುವುದು ನಮ್ಮೆಲ್ಲರ ಅನುಭವ. ವಿಮಾನದ ಎಣ್ಣೆ ಹಾಗೆ ಹೆಪ್ಪುಗಟ್ಟದಂತೆ ತಯಾರಾದುದು. ಸೊನ್ನೆಗಿಂತ ೫೪ ಡಿಗ್ರಿ ಕೆಳಗಿನವರೆಗೂ ಅದು ಹರಿಯಬಲ್ಲುದು. ಆದರೂ ೪೦ ಡಿಗ್ರಿಯಲ್ಲಿ ಸುಮಾರು ೧೪ ಸೆಂಟಿಸ್ಟೋಕ್ ಇರುವ ಅದರ ಸ್ನಿಗ್ಧತೆ, ಸೊನ್ನೆಗಿಂತ ೪೦ ಡಿಗ್ರಿ ಕೆಳಗೆ ೬೦೦ರ ತನಕ ಏರಲು ಮಾನಕವೇ ಒಪ್ಪಿಗೆ ಕೊಟ್ಟಿದೆ. ಕಿರಿದಾದ ಕೊಳವೆಯಲ್ಲಿ ಎಣ್ಣೆಯು ಪದರಪದರವಾಗಿ ಹರಿಯುವಾಗ ಅದಕ್ಕೊದಗುವ ತಡೆಯು ಸ್ನಿಗ್ಧತೆಯೊಡನೆ ನೇರವಾಗಿ ಬೆಳೆಯುತ್ತದೆ. ಕೊಳವೆಯ ವ್ಯಾಸವನ್ನು ಅರ್ಧಕ್ಕಿಳಿಸಿದರೆ ಹದಿನಾರು ಪಟ್ಟಾಗುತ್ತದೆ. ಆದುದರಿಂದ ಸಪೂರ ಕೊಳವೆ ಹಾಕಿದ ವಿಮಾನದ ಚಕ್ರಗಳು ಬೇಸಗೆಯಲ್ಲಿ ಚುರುಕಾಗಿದ್ದು ಚಳಿಗಾಲದಲ್ಲಿ ಮಂದವಾಗುವುವು. ಪಂಪಿನ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುವುದು. ರಬ್ಬರು ಉಂಗುರಗಳೂ ಚಳಿಗೆ ಬಿರುಸಾಗಿ ತಮ್ಮ ಮುಚ್ಚುವ ಶಕ್ತಿಯನ್ನು ಸ್ವಲ್ಪ ಕಳೆದುಕೊಳ್ಳುವುವು. ರಾತ್ರಿ ಸೋರಿ ಮಧ್ಯಾಹ್ನ ಒಣಗುವ ಜೋಡಣೆಗಳ ರಹಸ್ಯ ಹಲವು ವೇಳೆ ಇದೇ.

ಎಲ್ಲಕ್ಕಿಂತ ಗಂಭೀರವಾದ ಸಂದರ್ಭ ಆಪತ್ತಿನ ಇಳಿಕೆ. ಪಂಪು ಕೆಟ್ಟಾಗ ಚಾಲಕನು ಕವಾಟವನ್ನು ತೆರೆದು ಒತ್ತಡವನ್ನು ಬಿಡುತ್ತಾನೆ. ಚಕ್ರಗಳು ಭಾರದಿಂದ ಇಳಿಯಬೇಕು. ಹಿಂದಕ್ಕೆ ಮಡಿಚುವ ಮೂತಿಯ ಚಕ್ರವು ಇಳಿಯುವಾಗ ಎದುರುಗಾಳಿಯನ್ನು ನೂಕಿಕೊಂಡು ಮುಂದಕ್ಕೆ ಬರಬೇಕಾದುದರಿಂದ, ಅದಕ್ಕೆ ನೆರವಾಗಲೆಂದು ಅನಿಲ ತುಂಬಿದ ಸ್ಪ್ರಿಂಗೊಂದನ್ನು ಜೋಡಿಸುವುದುಂಟು. ಅನಿಲದ ಒತ್ತಡವು ನಿರಪೇಕ್ಷ ಉಷ್ಣತೆಗೆ ಅನುಗುಣವಾದುದು. ೨೭ ಡಿಗ್ರಿಯೆಂದರೆ ನಿರಪೇಕ್ಷ ಮಾನದಲ್ಲಿ ೩೦೦. ಸೊನ್ನೆಗಿಂತ ೧೩ ಡಿಗ್ರಿ ಕೆಳಗೆಂದರೆ ೨೬೦. ಇಷ್ಟರಿಂದಲೇ ಸ್ಪ್ರಿಂಗಿನ ಬಲವು ನೂರಕ್ಕೆ ಹದಿಮೂರರಷ್ಟು ಉಡುಗುತ್ತದೆ. ಅದೇ ಹೊತ್ತಿನಲ್ಲಿ ಗಟ್ಟಿಯಾದ ಎಣ್ಣೆಯು ಸಿಲಿಂಡರಿನಿಂದ ಹೊರಬರಲು ಒಲ್ಲೆನೆನ್ನುತ್ತದೆ. ನೂಕುವ ಬಲ ಕುಗ್ಗಿ ತಡೆಯುವ ಬಲ ಹಿಗ್ಗುವುದು ಒಂದೇ ಗಳಿಗೆಯಲ್ಲಿ. ಕೊಟ್ಟಿಗೆಯಲ್ಲಿ ಎದುರುಗಾಳಿಯೂ ಇಲ್ಲ, ಚಳಿಯೂ ಇಲ್ಲ. ವಯಸ್ಸಾಗಿ ಅನಿಲ ಸೋರಿದ ಸ್ಪ್ರಿಂಗು ಅಲ್ಲಿ ಚೆನ್ನಾಗಿಯೇ ಕೆಲಸ ಮಾಡೀತು. ಮೂತಿಯ ಚಕ್ರ ಪೂರ್ತಿ ಇಳಿದು ನೆಟ್ಟಗೆ ನಿಲ್ಲದಿದ್ದರೆ ನೆಲ ಮುಟ್ಟಿದಾಗ ಅದು ಮಡಿಚಿಕೊಳ್ಳುವುದು, ಪ್ರೊಪೆಲರು ನೆಲಕ್ಕೆ ಬಡಿಯುವುದು.

ಇಳಿಯುವಾಗಿನ ಆಘಾತವನ್ನು ನುಂಗಲು ಕೆಲವು ವಿಮಾನಗಳ ಕಾಲುಗಳಲ್ಲಿ ಎಣ್ಣೆಯನ್ನೂ ಅನಿಲವನ್ನೂ ಕೂಡಿ ತುಂಬುವರು. ಇದಕ್ಕೆ ಓಲಿಯೋ ಎಂದು ಹೆಸರು. ಚಳಿಯ ಬೆಳಗಿನಲ್ಲಿ ಇಂಥ ಕಾಲು ಕುಸಿದು ನಿಂತಿರುವುದನ್ನು ಕಂಡವರು ಅನಿಲದ ಒತ್ತಡ ಕಡಮೆಯಾಯಿತೆನ್ನುವರು. ವಿಚಾರಮಾಡಿದರೆ ಈ ಮಾತು ನಿಲ್ಲುವುದಿಲ್ಲ. ನೆಲದ ಮೇಲೆ ನಿಂತ ವಿಮಾನದ ತೂಕ ಬದಲಾಗಿಲ್ಲ, ಕೊಂತದ ಅಗಲವೂ ಬದಲಾಗಿಲ್ಲ; ತಿಕ್ಕಾಟವನ್ನು ಬಿಟ್ಟರೆ ಅನಿಲದ ಒತ್ತಡವು ಇದ್ದಷ್ಟೇ ಇರಬೇಕು. ಬದಲಾದುದು ಅದರ ಗಾತ್ರ. ೨೭ ಡಿಗ್ರಿಯಿಂದ ಸೊನ್ನೆಗಿಂತ ೩ ಡಿಗ್ರಿ ಕೆಳಕ್ಕೆ ಬಂದರೆ ಅನಿಲವು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ಹತ್ತು ಸೆಂಟಿಮೀಟರ್ ಉದ್ದದ ಅನಿಲಸ್ತಂಭವಿದ್ದರೆ ಕಾಲು ಒಂದು ಸೆಂಟಿಮೀಟರ್ ಇಳಿಯುತ್ತದೆ. ಹಾರುತ್ತಿರುವಾಗ ಕಾಲು ಪೂರ್ತಿ ಚಾಚಿಕೊಂಡು ಗಾತ್ರವು ನಿಶ್ಚಿತವಾಗುವುದರಿಂದ, ಆಗ ಮಾತ್ರ ಒತ್ತಡವು ಹತ್ತರಲ್ಲೊಂದು ಪಾಲು ಇಳಿಯುವುದು. ಕುತೂಹಲದ ಸಂಗತಿಯೆಂದರೆ, ಆಘಾತವನ್ನು ತಡೆಯುವ ಎಣ್ಣೆಯ ಭಾಗಕ್ಕೆ ಚಳಿಯ ಬಾಧೆ ಅಷ್ಟಿಲ್ಲ. ಮೋಟು ರಂಧ್ರದಲ್ಲಿ ರಭಸದಿಂದ ನುಗ್ಗುವ ಎಣ್ಣೆಗೆ ಒದಗುವ ತಡೆಯು ಮುಖ್ಯವಾಗಿ ಅದರ ಸಾಂದ್ರತೆಯನ್ನು ಅವಲಂಬಿಸಿದೆ, ಸ್ನಿಗ್ಧತೆಯನ್ನಲ್ಲ. ಸಾಂದ್ರತೆಯಾದರೋ ನೂರಕ್ಕೆ ಎರಡು ಮೂರರಷ್ಟು ಮಾತ್ರ ಬದಲಾಗುವುದು. ಚಕ್ರವನ್ನು ಏರಿಸಿ ಇಳಿಸುವ ಉದ್ದ ಕೊಳವೆಯಲ್ಲಿ ಕಷ್ಟಪಡುವ ಎಣ್ಣೆಯೇ ಇಲ್ಲಿ ನಿರಾಯಾಸವಾಗಿ ಕೆಲಸ ಮಾಡುತ್ತದೆ.

ಕುಸಿದ ಕಾಲಿಗೆ ಚಳಿಯಲ್ಲಿಯೇ ಅನಿಲ ತುಂಬಿ ಎತ್ತರಿಸಿದರೆ, ಅದೇ ವಿಮಾನ ಬಿಸಿ ನಾಡಿಗೆ ಹೋದಾಗ ಕಾಲು ಅಳತೆಮೀರಿ ಚಾಚಿ ಬಿರುಸಾಗುವುದು. ತೊಟ್ಟಿಯ ಎಣ್ಣೆಗೂ ಇದೇ ನ್ಯಾಯ: ಹಿಮದ ದಿನ ಅಂಚಿನವರೆಗೆ ತುಂಬಿದ ತೊಟ್ಟಿ ಬೇಸಗೆಯಲ್ಲಿ ಗಾಳಿಕಂಡಿಯಿಂದ ಉಕ್ಕುವುದು. ಆದುದರಿಂದ ಅಳತೆ ತೆಗೆಯುವಾಗ ಚಕ್ರಗಳ ಸ್ಥಿತಿಯೊಡನೆ ಅಂದಿನ ಉಷ್ಣತೆಯನ್ನೂ ವಿಮಾನದ ದಿನಚರಿ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಆಪತ್ತಿನ ಇಳಿಕೆಯನ್ನು ವರ್ಷಕ್ಕೊಮ್ಮೆಯಾದರೂ ಚಳಿಗಾಲದಲ್ಲಿ, ಎಣ್ಣೆ ಪೂರ್ತಿ ತಣಿಯುವಷ್ಟು ಹೊತ್ತು ಮೇಲೆ ಹಾರಿದ ಬಳಿಕ, ಪಂಪು ಇನ್ನೂ ಸುಸ್ಥಿತಿಯಲ್ಲಿರುವಾಗಲೇ ಪರೀಕ್ಷಿಸಿ, ಚಕ್ರಗಳು ನೆಲೆಗೊಳ್ಳಲು ಹಿಡಿದ ಕ್ಷಣಗಳನ್ನು ಹಿಂದಿನ ವರ್ಷದ ಲೆಕ್ಕದೊಡನೆ ಹೋಲಿಸಿ ನೋಡಬೇಕು.